ಕಲ್ಲು ಓದಿದ್ರ ಅನ್ನ ಸಿಗತೈತೇನವಾ?

2023ರ ಆಗಸ್ಟ್ 23ರ ಸಂಜೆ. ಹಂಸಭಾವಿಯ ನಮ್ಮ ಮನೆಯ ಪಡಸಾಲೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಆಚೆ ಓಣಿಯಲ್ಲಿ ಕರೆಂಟ್ ಹೋಗಿದ್ದರಿಂದ ಅಲ್ಲಿಯವರೂ ನಮ್ಮ ಟಿವಿ ಮುಂದೆ ಬಂದು ಕೂತಿದ್ದರು. 6 ಗಂಟೆ 4 ನಿಮಿಷಕ್ಕೆ ವಿಕ್ರಮ್ ಚಂದ್ರನ ಮೇಲೆ ಇಳಿಯಿತು. ಹುಡುಗರು ಪಟಾಕಿ ಹಚ್ಚಲು ಓಡಿದರು. ಅವ್ವ ಎಲ್ಲರ ಕೈಗೂ ಸಕ್ಕರೆ ಹಾಕಿದಳು.

ಸಕ್ಕರೆ ಬಾಯಿಗೆ ಹಾಕಿಕೊಂಡ ದೊಡ್ಡಪ್ಪ ನನ್ನ ಕಡೆ ತಿರುಗಿದರು. "ಅವರು ರಾಕೆಟ್ ಓದಿದ್ರು, ಚಂದ್ರನ ಮಟ ಹೋದ್ರು. ನೀ ಕಲ್ಲು ಓದಾಕತ್ತಿ. ಕಲ್ಲು ಓದಿದ್ರ ಅನ್ನ ಸಿಗತೈತೇನವಾ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ನಗದೇ ಇದ್ದವರು ಅಪ್ಪ ಒಬ್ಬರೇ. ಬೋರ್ ಗಾಡಿಯ ಕೆಲಸ ಮುಗಿಸಿ ಅದೇ ತಾನೇ ಬಂದಿದ್ದ ಅವರ ಹುಬ್ಬಿನ ಮೇಲೆ ಇನ್ನೂ ಕಲ್ಲಿನ ಪುಡಿ ಇತ್ತು.

ಆಗ ನಾನು ಧಾರವಾಡದಲ್ಲಿ ಬಿ.ಎಸ್ಸಿ. ಕೊನೆಯ ವರ್ಷದ ಭೂವಿಜ್ಞಾನ ವಿದ್ಯಾರ್ಥಿನಿ. ದೊಡ್ಡಪ್ಪನ ಪ್ರಶ್ನೆಗೆ ನನ್ನ ಬಳಿ ಉತ್ತರ ಇರಲಿಲ್ಲ. ಉತ್ತರ ಹುಡುಕಲು ಎರಡು ವರ್ಷ ಹಿಡಿಯಿತು.

ಬೋರ್ ಗಾಡಿಯ ಪುಡಿ

ನಾನು ಜಿಯಾಲಜಿ ತೆಗೆದುಕೊಂಡದ್ದು ದೊಡ್ಡ ಕನಸು ಕಂಡು ಅಲ್ಲ. ಅಪ್ಪ ಇಪ್ಪತ್ತು ವರ್ಷದಿಂದ ಬೋರ್ ಗಾಡಿಯಲ್ಲಿ ದುಡಿಯುತ್ತಾರೆ. ಹಿರೇಕೆರೂರು, ರಟ್ಟಿಹಳ್ಳಿ, ಹಾನಗಲ್ಲ ಎಲ್ಲ ಸುತ್ತಿದ್ದಾರೆ. ಚಿಕ್ಕವಳಿದ್ದಾಗ ಅವರ ಅಂಗಿ ಜೇಬಿನಲ್ಲಿ ಕಲ್ಲಿನ ಚೂರು ಸಿಗುತ್ತಿದ್ದವು. ಹಸಿರು, ಬೂದಿ, ಕರಿ. "ಇದು ಇನ್ನೂರು ಅಡಿದು, ಇದು ಮುನ್ನೂರರದು" ಎಂದು ಅಪ್ಪ ಹೇಳುವರು. ಒಂದೇ ಹೊಲದ ಅಡಿಯಲ್ಲಿ ಇಷ್ಟು ಬಣ್ಣ ಯಾಕೆ ಅಂತ ಕೇಳಿದರೆ, "ಅದನ್ನ ಓದಿದವರಿಗೆ ಕೇಳಬೇಕವಾ" ಅನ್ನುವರು. ಪಿಯುಸಿ ಮುಗಿದ ಮೇಲೆ ಆ ಓದಿದವರು ಯಾರೂ ಸಿಗದೆ ನಾನೇ ಓದಲು ಹೋದೆ.

ಕಾಲೇಜಿಗೆ ಸೇರಿದ ಮೇಲೆ ಗೊತ್ತಾಯಿತು, ನಮ್ಮ ಕಡೆಯ ಕಲ್ಲು ಧಾರವಾಡ ಶಿಸ್ಟ್ ಪಟ್ಟಿಗೆ ಸೇರಿದ್ದು. ಇನ್ನೂರೈವತ್ತು ಕೋಟಿ ವರ್ಷಕ್ಕೂ ಹಿಂದಿನ ಲಾವಾ, ಸಮುದ್ರದ ಕೆಸರು, ಮರಳು ಎಲ್ಲ ಒತ್ತಡಕ್ಕೆ ಸಿಕ್ಕು, ಬಿಸಿಗೆ ಬೆಂದು ಈ ರೂಪಕ್ಕೆ ಬಂದಿವೆ. ಈ ಕಲ್ಲುಗಳಿಗೆ 'ಧಾರವಾಡ' ಎಂಬ ಹೆಸರು ಕೊಟ್ಟವರು ಬ್ರಿಟಿಷ್ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್. ಅಂದರೆ ನಾವು ಗೋವಿನಜೋಳ ಬಿತ್ತುವ ಹೊಲದ ಅಡಿಯ ಕಲ್ಲಿನ ಹೆಸರು ಜಗತ್ತಿನ ಭೂವಿಜ್ಞಾನದ ಪುಸ್ತಕಗಳಲ್ಲಿದೆ. ಇದು ತಿಳಿದ ದಿನ ಖುಷಿಯಾಯಿತು. ಆದರೆ ಖುಷಿಯಿಂದ ಕೆಲಸ ಸಿಗುವುದಿಲ್ಲವಲ್ಲ! ಜೊತೆಗೆ ಓದಿದ ಗೆಳತಿಯರು ಕಂಪ್ಯೂಟರ್ ಕೋರ್ಸ್ ಮುಗಿಸಿ ಬೆಂಗಳೂರಿನ ಬಸ್ ಹತ್ತಿದ್ದರು. ನಾನು ಸುತ್ತಿಗೆ ಹಿಡಿದು ಗುಡ್ಡ ಹತ್ತುತ್ತಿದ್ದೆ. "ಹುಡುಗಿ ಗುಡ್ಡಗುಡ್ಡ ತಿರಗತಾಳಂತ" ಎಂಬ ಮಾತು ಊರಲ್ಲಿ ನನಗಿಂತ ಮೊದಲೇ ಮನೆ ಮುಟ್ಟುತ್ತಿತ್ತು.

ಮರಡಿಹಳ್ಳಿಯ ತಲೆದಿಂಬು

ಆ ವರ್ಷದ ಚಳಿಗಾಲದಲ್ಲಿ ನಮ್ಮನ್ನು ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಗೆ ಕರೆದುಕೊಂಡು ಹೋದರು. ಅಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಘೋಷಿಸಿದ ಒಂದು ಬಂಡೆ ಇದೆ. ನಮ್ಮ ಸರ್ ಅಲ್ಲೊಂದು ಆಟ ಆಡಿಸಿದರು. ಇಬ್ಬರು ಫೋನ್ ಹಿಡಿದು ಬಂಡೆಯ ಮುಂದೆ ನಿಲ್ಲಬೇಕು. ಉಳಿದವರು ಬಂಡೆ ಕಾಣದಂತೆ ಬಸ್ಸಿನ ಆಚೆ ಕೂತು, ಫೋನಿನಲ್ಲಿ ಕೇಳಿದ್ದನ್ನು ಮಾತ್ರ ಚಿತ್ರ ಬರೆಯಬೇಕು. ಕಲ್ಲಿನ ಹೆಸರು ಹೇಳುವ ಹಾಗಿಲ್ಲ. ಏನು ಕಾಣುತ್ತದೋ ಅದನ್ನಷ್ಟೇ ಹೇಳಬೇಕು.

ಮೊದಲ ಸರದಿ ನನ್ನದೇ. "ಗುಂಡಗಿನ ಕಲ್ಲುಗಳು, ಒಂದರ ಮೇಲೊಂದು ಅದಾವ" ಎಂದೆ. ಬಸ್ಸಿನ ಆಚೆ ಇದ್ದವರು ಗೋಲಿಗುಂಡು ಬರೆದಿದ್ದರು. ಸರ್ ಮತ್ತೆ ನೋಡಲು ಹೇಳಿದರು. ಈ ಸಲ ಬಗ್ಗಿ ನೋಡಿದೆ. ಪ್ರತಿ ಉಂಡೆಯ ಮೇಲ್ಭಾಗ ಉಬ್ಬಿತ್ತು. ಕೆಳಭಾಗ ಮಾತ್ರ ಚೂಪಾಗಿ, ಕೆಳಗಿನ ಎರಡು ಉಂಡೆಗಳ ನಡುವಿನ ಸಂದಿಗೆ ಇಳಿದಿತ್ತು. ಅಂಚಿನಲ್ಲಿ ತೆಳ್ಳನೆಯ ಬೇರೆ ಬಣ್ಣದ ಸಿಪ್ಪೆ. ಅದನ್ನೆಲ್ಲ ಹೇಳಿದ ಮೇಲೆ ಬಸ್ಸಿನ ಆಚೆಯಿಂದ ಬಂದ ಚಿತ್ರ ಬದನೆಕಾಯಿ ಪೇರಿಸಿದಂತೆ ಇದ್ದರೂ ಬಂಡೆಗೆ ಹೊಂದುತ್ತಿತ್ತು.

ಅದು ತಲೆದಿಂಬಿನಾಕಾರದ ಲಾವಾ. ನೀರಿನೊಳಗೆ ಉಕ್ಕಿದ ಲಾವಾದ ಹೊರಮೈ ತಕ್ಷಣ ತಣಿದು ಗಾಜಿನಂಥ ಸಿಪ್ಪೆಯಾಗುತ್ತದೆ. ಒಳಗೆ ಇನ್ನೂ ಬಿಸಿ ಇರುವುದರಿಂದ ಚೀಲದ ಹಾಗೆ ಉಬ್ಬಿ ಉರುಳುತ್ತದೆ. ಅದರ ಮೇಲೆ ಇನ್ನೊಂದು ಬೀಳುತ್ತದೆ. ಮೆತ್ತಗಿನ ಹೊಟ್ಟೆ ಕೆಳಗಿನ ಸಂದಿಗೆ ಇಳಿಯುತ್ತದೆ. ಉಬ್ಬಿದ ಕಡೆ ಯಾವುದು, ಚೂಪಾದ ಕಡೆ ಯಾವುದು ಎಂದು ನೋಡಿದರೆ ಆ ಕಾಲದಲ್ಲಿ ಮೇಲು ಯಾವುದು, ಕೆಳಗು ಯಾವುದು ಗೊತ್ತಾಗುತ್ತದೆ. ಕುರಿ ಮೇಯುವ ಆ ಒಣ ಗುಡ್ಡ ಸುಮಾರು 250 ಕೋಟಿ ವರ್ಷದ ಹಿಂದೆ ಸಮುದ್ರದ ತಳವಾಗಿತ್ತು.

ಊಟಕ್ಕೆ ಕೂತಾಗ ಸರ್ ಹೇಳಿದರು: "ಈಗ ನೀವು ಆಡಿದಿರಲ್ಲ, ಇದೇ ಆಟವನ್ನು ಚಂದ್ರನಿಗೆ ಹೋಗುವವರಿಗೆ ಆಡಿಸಿದ್ದರು." ಬುತ್ತಿಯ ರೊಟ್ಟಿ ನನ್ನ ಕೈಯಲ್ಲೇ ಉಳಿಯಿತು.

ಪೈಲಟ್‌ಗಳಿಗೆ ಕಲ್ಲಿನ ಪಾಠ

ಊರಿಗೆ ಬಂದ ಮೇಲೆ ಆ ಕಥೆಯ ಬೆನ್ನು ಹತ್ತಿದೆ. ಅಪೊಲೊ ಗಗನಯಾತ್ರಿಗಳಲ್ಲಿ ಹೆಚ್ಚಿನವರು ಮಿಲಿಟರಿ ವಿಮಾನ ಹಾರಿಸಿದವರು. ಅವರಿಗೆ ಕಲ್ಲೆಂದರೆ ಕಲ್ಲು, ಅಷ್ಟೇ. ಅವರನ್ನು ಹವಾಯಿಯ ಜ್ವಾಲಾಮುಖಿಗಳಿಗೆ, ಅರಿಜೋನದ ಉಲ್ಕಾ ಕುಳಿಗೆ, ಐಸ್‌ಲ್ಯಾಂಡಿನ ಲಾವಾ ಬಯಲಿಗೆ ಕರೆದೊಯ್ದರು. ಐಸ್‌ಲ್ಯಾಂಡಿಗೆ 1965ರಲ್ಲಿ ಒಂದು ತಂಡ, 1967ರಲ್ಲಿ ಇನ್ನೊಂದು ತಂಡ ಹೋಗಿತ್ತು. ಎರಡನೆಯ ತಂಡದಲ್ಲಿ ನೀಲ್ ಆರ್ಮ್‌ಸ್ಟ್ರಾಂಗ್ ಇದ್ದರು. ಅರಿಜೋನದ ಫ್ಲ್ಯಾಗ್‌ಸ್ಟಾಫ್ ಬಳಿ ಜ್ವಾಲಾಮುಖಿಯ ಬೂದಿ ಹರಡಿದ ಸಿಂಡರ್ ಲೇಕ್ ಎಂಬ ಬಯಲಿನಲ್ಲಿ 1967ರಲ್ಲಿ ಸ್ಫೋಟಕ ಇಟ್ಟು 47 ಕುಳಿಗಳನ್ನೇ ಮಾಡಿದರು. ಚಂದ್ರನ ಒಂದು ಜಾಗದ ಫೋಟೊ ನೋಡಿ ಅದರ ನಕಲು ಮಾಡಿದ್ದು ಅದು.

ಯಾಕೆ ಲಾವಾ ನೆಲವೇ ಬೇಕು? ನಮ್ಮ ಅಜ್ಜಿ ಚಂದ್ರನಲ್ಲಿ ಮೊಲ ಇದೆ ಎಂದು ತೋರಿಸುತ್ತಿದ್ದಳು. ನಿಮ್ಮ ಮನೆಯಲ್ಲೂ ತೋರಿಸಿರುತ್ತಾರೆ. ಆ ಮೊಲದ ಮೈ ಪೂರ್ತಿ ಲಾವಾ. ಚಂದ್ರನ ಕಪ್ಪು ಕಲೆಗಳೆಲ್ಲ ನೂರಾರು ಕೋಟಿ ವರ್ಷದ ಹಿಂದೆ ಹರಿದು ಹೆಪ್ಪುಗಟ್ಟಿದ ಬಸಾಲ್ಟ್. ವಿಜಯಪುರದ ಗೋಳಗುಮ್ಮಟ ಕಟ್ಟಿದ ಕಪ್ಪು ಕಲ್ಲೂ ಬಸಾಲ್ಟೇ. ಮೊಲದ ಸುತ್ತಲಿನ ಬೆಳ್ಳಗಿನ ಭಾಗ ಮಾತ್ರ ಬೇರೆ ಕಲ್ಲು. ಅದರ ಹೆಸರು ಅನಾರ್ಥೊಸೈಟ್. ಚಂದ್ರ ಹುಟ್ಟಿದ ಹೊಸತರಲ್ಲಿ ಅದರ ಮೈಯೆಲ್ಲ ಕರಗಿದ ಕಲ್ಲಿನ ಸಮುದ್ರವಾಗಿತ್ತು, ಹಾಲಿನ ಮೇಲೆ ಕೆನೆ ಕಟ್ಟಿದಂತೆ ಹಗುರ ಖನಿಜ ತೇಲಿ ಬಂದು ಈ ಬಿಳಿ ಕಲ್ಲಾಯಿತು ಎಂಬುದು ವಿಜ್ಞಾನಿಗಳ ವಿವರಣೆ. ಚಂದ್ರನ ಮೇಲೆ ಇಳಿದವರಿಗೆ ಈ ಎರಡು ಕಲ್ಲುಗಳ ಗುರುತು ಇರಲೇಬೇಕಿತ್ತು.

ಕ್ಯಾಲಿಫೋರ್ನಿಯಾದ ಭೂವಿಜ್ಞಾನದ ಪ್ರಾಧ್ಯಾಪಕ ಲೀ ಸಿಲ್ವರ್ ಅಪೊಲೊ 15ರ ಡೇವ್ ಸ್ಕಾಟ್, ಜಿಮ್ ಇರ್ವಿನ್ ಅವರಿಗೆ ಕಲಿಸಿದವರಲ್ಲಿ ಒಬ್ಬರು. ಗಗನಯಾತ್ರಿಗಳು ಗುಡ್ಡದ ಮೇಲೆ ನಿಂತು ರೇಡಿಯೊದಲ್ಲಿ ವರ್ಣಿಸಬೇಕು, ಗುಡ್ಡ ಕಾಣದ ಜಾಗದಲ್ಲಿ ಕೂತ ಭೂವಿಜ್ಞಾನಿಗಳು ಅದನ್ನು ಕೇಳಿ ಅರ್ಥ ಮಾಡಿಕೊಳ್ಳಬೇಕು. ಇದನ್ನೇ ಮತ್ತೆ ಮತ್ತೆ ಮಾಡಿಸಿದರು. ಫಲ ಸಿಕ್ಕಿತು. 1971ರಲ್ಲಿ ಚಂದ್ರನ ಮೇಲೆ ಗಾಡಿ ಓಡಿಸಿಕೊಂಡು ಹೋಗುತ್ತಿದ್ದ ಸ್ಕಾಟ್ ದಾರಿಯಲ್ಲಿ ಗುಳ್ಳೆಗುಳ್ಳೆಯಾದ ಒಂದು ಬಸಾಲ್ಟ್ ಕಂಡರು. ನಿಲ್ಲಲು ಸಮಯವಿರಲಿಲ್ಲ. ಸೀಟ್ ಬೆಲ್ಟ್ ಸರಿಮಾಡಿಕೊಳ್ಳುತ್ತೇನೆ ಎಂದು ನೆಪ ಹೇಳಿ ಗಾಡಿ ನಿಲ್ಲಿಸಿ ಎತ್ತಿಕೊಂಡು ಬಂದರು! ಆ ಕಲ್ಲಿಗೆ ಇಂದಿಗೂ 'ಸೀಟ್ ಬೆಲ್ಟ್ ಬಸಾಲ್ಟ್' ಎನ್ನುತ್ತಾರೆ. ಆಗಸ್ಟ್ 1ರಂದು ಅದೇ ಇಬ್ಬರು ಒಂದು ಬಿಳಿ ಕಲ್ಲನ್ನು ದೂರದಿಂದಲೇ ಗುರುತಿಸಿದರು. ನಾನೂರು ಕೋಟಿ ವರ್ಷಕ್ಕೂ ಹಳೆಯದಾದ ಆ ಅನಾರ್ಥೊಸೈಟ್ 'ಜೆನೆಸಿಸ್ ರಾಕ್' ಎಂದು ಹೆಸರಾಯಿತು. ವಿಮಾನ ಹಾರಿಸುವವರು ಅದನ್ನು ಗುರುತಿಸಿದ್ದು ಭೂಮಿಯ ಗುಡ್ಡಗಳಲ್ಲಿ ಕಣ್ಣು ಪಳಗಿದ್ದರಿಂದ.

ಚಳ್ಳಕೆರೆಯ ಚಂದ್ರ

ಅದು ಅಮೆರಿಕದ ಕಥೆ. ನಮ್ಮದೇನು? ನಮ್ಮದು ಮರಡಿಹಳ್ಳಿಯ ಜಿಲ್ಲೆಯಲ್ಲೇ ಇದೆ.

ಚಳ್ಳಕೆರೆ ತಾಲ್ಲೂಕಿನ ಉಳ್ಳಾರ್ತಿ ಕಾವಲಿನಲ್ಲಿ ಇಸ್ರೊ ಚಂದ್ರನ ಕುಳಿಗಳನ್ನು ತೋಡಿಸಿತು. ಸುಮಾರು 10 ಮೀಟರ್ ಅಗಲ, 3 ಮೀಟರ್ ಆಳ. ಅವುಗಳ ಮೇಲೆ ಸೆನ್ಸರ್ ಹೊತ್ತ ವಿಮಾನ ಹಾರಿಸಿ, ಇಳಿಯುವ ನೌಕೆ ಕುಳಿಯನ್ನು ಗುರುತಿಸುತ್ತದೆಯೇ, ಸಮತಟ್ಟಾದ ಜಾಗವನ್ನು ಆರಿಸುತ್ತದೆಯೇ ಎಂದು ಪರೀಕ್ಷಿಸಿದರು. ಸಿಂಡರ್ ಲೇಕ್‌ನಲ್ಲಿ ಕಲಿತವರು ಮನುಷ್ಯರು, ಚಳ್ಳಕೆರೆಯಲ್ಲಿ ಕಲಿತದ್ದು ಯಂತ್ರ. ಬಸ್ಸಿನಲ್ಲಿ ಹೋಗುವವರಿಗೆ ಆ ಕಾವಲು ಬರೀ ಬಯಲು.

ಇನ್ನೊಂದು ಕೆಲಸ ಬೆಂಗಳೂರಿನಲ್ಲಿ ನಡೆಯಿತು. ಚಂದ್ರಯಾನ–2ರ ರೋವರ್ ಓಡಿಸಿ ನೋಡಲು ಚಂದ್ರನ ಮಣ್ಣು ಬೇಕಿತ್ತು. ಅದೂ ಹತ್ತಾರು ಟನ್. ಅಮೆರಿಕದಿಂದ ತರಿಸುವುದು ದುಬಾರಿ. ಆಗ ನೆನಪಾದದ್ದು ತಮಿಳುನಾಡಿನ ನಾಮಕ್ಕಲ್ ಜಿಲ್ಲೆಯ ಸಿತ್ತಂಪೂಂಡಿ. ಅಲ್ಲಿನ ಕಲ್ಲು ಅನಾರ್ಥೊಸೈಟ್ ಎಂದು ಭೂವಿಜ್ಞಾನಿಗಳಿಗೆ ಮೊದಲೇ ಗೊತ್ತಿತ್ತು. ಇದು ಉಕ್ಕಿ ಹರಿದ ಲಾವಾ ಅಲ್ಲ, ನೆಲದೊಳಗೇ ತಣಿದ ಕರಗಿದ ಕಲ್ಲು. ಇಸ್ರೊ ಜೊತೆ ಸೇಲಂನ ಪೆರಿಯಾರ್ ವಿಶ್ವವಿದ್ಯಾಲಯ ಮತ್ತು ತಿರುಚಿರಾಪಳ್ಳಿಯ ಎನ್‌ಐಟಿಯ ಅಧ್ಯಾಪಕರು ಸೇರಿ ಅದನ್ನು ಪುಡಿ ಮಾಡಿ, ಚಂದ್ರನ ಮಣ್ಣಿನ ಕಣಗಳ ಗಾತ್ರಕ್ಕೆ ತಂದರು. ಬೆಂಗಳೂರಿನಲ್ಲಿ ಅದನ್ನು ಹರಡಿ, ಚಂದ್ರನಲ್ಲಿ ಭಾರ ಆರನೇ ಒಂದು ಭಾಗ ಮಾತ್ರವಾದ್ದರಿಂದ ರೋವರಿನ ತೂಕ ತಗ್ಗಿಸಿ ಓಡಿಸಿ ನೋಡಿದರು. ಈ ಮಣ್ಣು ತಯಾರಿಸುವ ವಿಧಾನಕ್ಕೆ 2020ರಲ್ಲಿ ಪೇಟೆಂಟ್ ಕೂಡ ಸಿಕ್ಕಿತು.

2019ರ ಸೆಪ್ಟೆಂಬರ್‌ನಲ್ಲಿ ವಿಕ್ರಮ್ ಬಿತ್ತು. ನಾಲ್ಕು ವರ್ಷದ ಮೇಲೆ ಇನ್ನೊಂದು ವಿಕ್ರಮ್ ಇಳಿಯಿತು, ನಮ್ಮ ಪಡಸಾಲೆಯಲ್ಲಿ ಸಕ್ಕರೆ ಹಂಚಿದ ದಿನ. ಪ್ರಗ್ಯಾನ್ ರೋವರ್ ನೂರು ಮೀಟರಿನಷ್ಟು ನಡೆದು 23 ಕಡೆ ಚಂದ್ರನ ಮಣ್ಣನ್ನು ಅಳೆಯಿತು. ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದ ವಿಜ್ಞಾನಿಗಳು 2024ರ ಆಗಸ್ಟ್‌ನಲ್ಲಿ 'ನೇಚರ್' ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟಿಸಿದರು. ಅಲ್ಲಿನ ಮಣ್ಣು ಮುಖ್ಯವಾಗಿ ಅನಾರ್ಥೊಸೈಟ್ ಜಾತಿಯದು! ಸಿತ್ತಂಪೂಂಡಿಯಲ್ಲಿ ಬೀಸಿದ ಕಲ್ಲಿನ ದೂರದ ನೆಂಟ.

ಓದುತ್ತಾ ಹೋದಂತೆ ದೊಡ್ಡಪ್ಪನ ಮಾತಿಗೆ ಅರ್ಧ ಉತ್ತರ ಸಿಕ್ಕಿತು. ರಾಕೆಟ್ ಓದಿದವರ ಪಕ್ಕದಲ್ಲಿ ಕಲ್ಲು ಓದಿದವರೂ ಕೂತಿದ್ದರು. ಟಿವಿಯಲ್ಲಿ ಕಾಣಲಿಲ್ಲ ಅಷ್ಟೇ.

ಮುಂದೆ ಮನುಷ್ಯ ಹೋಗಬೇಕು

2040ರ ಹೊತ್ತಿಗೆ ಭಾರತೀಯರೊಬ್ಬರು ಚಂದ್ರನ ಮೇಲೆ ಇಳಿಯಬೇಕು ಎಂಬುದು ನಮ್ಮ ದೇಶದ ಗುರಿ. ಯಂತ್ರ ಕಳಿಸಿದ ಹಾಗಲ್ಲ, ಮನುಷ್ಯ ಹೋದರೆ ಅಲ್ಲಿ ಉಳಿಯಬೇಕು. ಎಲ್ಲಿ ಉಳಿಯುವುದು? ಇದಕ್ಕೂ ಲಾವಾ ಒಂದು ಉತ್ತರ ಕೊಡುತ್ತದೆ. ಲಾವಾ ಹರಿಯುವಾಗ ಮೇಲ್ಪದರ ಮೊದಲು ತಣಿದು ಗಟ್ಟಿಯಾಗುತ್ತದೆ. ಒಳಗಿನದು ಮುಂದೆ ಹರಿದು ಹೋಗಿ ಉದ್ದ ಸುರಂಗ ಉಳಿಯುತ್ತದೆ. ಹವಾಯಿಯಲ್ಲಿ ಮನುಷ್ಯ ನಡೆದಾಡುವಂಥ ಸುರಂಗಗಳಿವೆ. 2008ರಲ್ಲಿ ಹೋದ ಚಂದ್ರಯಾನ–1ರ ಚಿತ್ರಗಳಲ್ಲಿ ಇಸ್ರೊ ವಿಜ್ಞಾನಿಗಳು ಚಂದ್ರನ ಮೇಲೂ ಕುಸಿಯದೆ ಉಳಿದ ಸುಮಾರು 1.7 ಕಿ.ಮೀ. ಉದ್ದದ ಲಾವಾ ಸುರಂಗವನ್ನು ಗುರುತಿಸಿ 2011ರಲ್ಲಿ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಬರೆದರು. ವಿಕಿರಣ, ಉಲ್ಕೆಯ ಚೂರು, ಹಗಲಿನ ಕಾವು, ರಾತ್ರಿಯ ಚಳಿ ಎಲ್ಲದರಿಂದ ಕಾಪಾಡುವ ಮನೆ ಅದಾಗಬಹುದು.

ಅಂಥ ಬದುಕಿನ ಅಭ್ಯಾಸ ಈಗಾಗಲೇ ನಡೆದಿದೆ. ಹವಾಯಿಯ ಮೌನಾ ಲೋವಾ ಜ್ವಾಲಾಮುಖಿಯ ಇಳಿಜಾರಿನಲ್ಲಿ ಆರು ಜನ 2015ರ ಆಗಸ್ಟ್‌ನಿಂದ ಒಂದು ವರ್ಷ ಗುಮ್ಮಟದಂಥ ಮನೆಯೊಳಗೆ ಇದ್ದರು. ಹೊರಗೆ ಕಾಲಿಡಬೇಕಾದರೆ ಗಗನಯಾತ್ರಿಯ ಉಡುಪೇ ಬೇಕು. ಸ್ಪೇನಿನ ಲಾಂಜರೋಟಿ ದ್ವೀಪದ ಲಾವಾ ನೆಲದಲ್ಲಿ ಐರೋಪ್ಯ ಬಾಹ್ಯಾಕಾಶ ಸಂಸ್ಥೆ 2016ರಿಂದ ತನ್ನ ಗಗನಯಾತ್ರಿಗಳಿಗೆ ಕಲ್ಲಿನ ಪಾಠ ಮಾಡುತ್ತಿದೆ. ಅನಾರ್ಥೊಸೈಟ್ ತೋರಿಸಲು ಅವರನ್ನು ನಾರ್ವೆಯ ಲೋಫೋಟನ್ ದ್ವೀಪಗಳಿಗೂ ಕರೆದೊಯ್ಯುತ್ತಾರೆ. ನಮ್ಮಲ್ಲಿ 2025ರ ಆಗಸ್ಟ್ 1ರಿಂದ ಹತ್ತು ದಿನ ಲಡಾಖ್‌ನ ತ್ಸೋ ಕರ್ ಕಣಿವೆಯಲ್ಲಿ ಸಮುದ್ರ ಮಟ್ಟದಿಂದ 4,500 ಮೀಟರ್ ಎತ್ತರದಲ್ಲಿ ಇಬ್ಬರು ಪುಟ್ಟ ಗೂಡಿನೊಳಗೆ ಇದ್ದು ಬಂದರು. ಅದು ಜ್ವಾಲಾಮುಖಿಯ ನೆಲವಲ್ಲ. ಚಳಿ, ತೆಳು ಗಾಳಿ, ಉಪ್ಪಿನ ನೆಲದ ಅಭ್ಯಾಸ. 'ಹೋಪ್' ಎಂಬ ಆ ಕೇಂದ್ರವನ್ನು ಕಟ್ಟಿದ್ದು ಬೆಂಗಳೂರಿನ ಪ್ರೊಟೊಪ್ಲಾನೆಟ್ ಸಂಸ್ಥೆ, ಇಸ್ರೊ ಜೊತೆಗೂಡಿ.

ಲಾವಾ ನೆಲಕ್ಕೆ ನಮ್ಮಲ್ಲಿ ಬರವಿಲ್ಲ. ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ್ ಕಡೆ ಸುಮಾರು 6.6 ಕೋಟಿ ವರ್ಷದ ಹಿಂದಿನ ದಖ್ಖನ್ ಲಾವಾ ಹಾಸಿದೆ. ಅದೇ ಲಾವಾದ ಮೇಲೆ ಉಲ್ಕೆ ಬಿದ್ದು ಮಹಾರಾಷ್ಟ್ರದ ಬುಲ್ಢಾಣಾ ಜಿಲ್ಲೆಯ ಲೋನಾರ್‌ನಲ್ಲಿ 1.8 ಕಿ.ಮೀ. ಅಗಲದ ಕುಳಿಯಾಗಿದೆ. ಬಸಾಲ್ಟ್ ಮೇಲೆ ಬಡಿದ ಕುಳಿಯಾದ್ದರಿಂದ ಚಂದ್ರ, ಮಂಗಳದ ಕುಳಿಗಳನ್ನು ಅರಿಯಲು ದೇಶವಿದೇಶದವರು ಅಲ್ಲಿಗೆ ಬರುತ್ತಾರೆ.

ಅಪ್ಪನ ಫೋನ್

ಇಷ್ಟೆಲ್ಲ ಗೊತ್ತಿದ್ದರೂ ನನ್ನ ಎಂ.ಎಸ್ಸಿ. ಆಗುತ್ತದೋ ಇಲ್ಲವೋ ಎಂಬುದು ಬೇರೆಯೇ ಕಥೆ. 2023ರಲ್ಲಿ ಮಳೆ ಕೈಕೊಟ್ಟಿತ್ತು. ಮುಂದಿನ ಬೇಸಿಗೆಗೆ ನಮ್ಮ ಎರಡು ಎಕರೆಯ ಹಳೇ ಬೋರ್ ಬತ್ತಿತು. ಹೊಸದು ಹೊಡೆಸಬೇಕು. ಮನೆಯಲ್ಲಿದ್ದದ್ದು ಒಂದೇ ಗಂಟು. ಅದರಲ್ಲೇ ಬೋರ್, ಅದರಲ್ಲೇ ನನ್ನ ಫೀಜು. ನನಗೆ ಬೆಂಗಳೂರಿನ ಒಂದು ಕಾಲ್ ಸೆಂಟರ್ ಕೆಲಸದ ಕರೆಯೂ ಬಂದಿತ್ತು. ಹೋಗುವುದೇ ಸರಿ ಎಂದು ಮನಸ್ಸು ಗಟ್ಟಿ ಮಾಡಿಕೊಂಡು ಧಾರವಾಡದ ರೂಮು ಖಾಲಿ ಮಾಡಲು ಹೋಗಿದ್ದೆ.

ಕಾಯಿ ಹಿಡಿದು ಪಾಯಿಂಟ್ ನೋಡುವವರು ತೋರಿಸಿದ ಜಾಗದಲ್ಲಿ ಗಾಡಿ ನಿಂತಿತ್ತು. ರಾತ್ರಿ ಹತ್ತರ ಸುಮಾರಿಗೆ ಅಪ್ಪನ ಫೋನ್ ಬಂತು. ಹಿಂದೆ ಗಾಡಿಯ ಗದ್ದಲ.

"ನಾನೂರು ಹತ್ತು ಅಡಿ ಆತವಾ. ನೀರಿಲ್ಲ. ನಿಮ್ಮ ದೊಡ್ಡಪ್ಪ ಆರನೂರಕ್ಕ ಹೋಗೂಣ ಅಂತಾನ. ನಿಮ್ಮ ಪುಸ್ತಕ ಏನಂತೈತಿ?"

ಇಪ್ಪತ್ತು ವರ್ಷ ಗಾಡಿಯಲ್ಲಿ ದುಡಿದವರು ನನ್ನನ್ನು ಕಲ್ಲಿನ ಬಗ್ಗೆ ಕೇಳಿದ್ದು ಅದೇ ಮೊದಲು. ನನಗೆ ಹೊಲ ಕಾಣುವುದಿಲ್ಲ, ಪುಡಿ ಕಾಣುವುದಿಲ್ಲ. ಬಸ್ಸಿನ ಆಚೆ ಕೂತ ಹಾಗೇ ಇತ್ತು.

"ಹೆಸರ ಹೇಳಬ್ಯಾಡಪ್ಪಾ, ಕಂಡದ್ದಷ್ಟ ಹೇಳು" ಎಂದೆ.

ಅಪ್ಪ ನಾನು ಮರಡಿಹಳ್ಳಿಯಲ್ಲಿ ಹೇಳಿದ್ದಕ್ಕಿಂತ ಎಷ್ಟೋ ಚೆನ್ನಾಗಿ ಹೇಳಿದರು. ತೊಂಬತ್ತು ಅಡಿ ತನಕ ಹಳದಿ ಮಣ್ಣು, ಕೊಳೆತ ಕಲ್ಲು. ನೂರಾ ಅರವತ್ತಕ್ಕೆ ಒಂದಿಷ್ಟು ತೇವ, ತುಕ್ಕಿನ ಬಣ್ಣದ ಬೆಣಚುಕಲ್ಲು. "ಇನ್ನೂರಾ ಎಂಬತ್ತರಿಂದ ಬರೇ ಬೂದಿಬಣ್ಣದ ಒಣಾ ಪುಡಿ. ಬೆಣಚು ಇಲ್ಲ, ತುಕ್ಕು ಇಲ್ಲ. ಬಿಟ್ ಒಂದ ಸವನ ಇಳಿಯಾಕತ್ತೈತಿ. ಎಲ್ಲೂ ಧಡಕ್ಕನ ಜಾರಿಲ್ಲ."

ಗಟ್ಟಿ ಕಲ್ಲಿನಲ್ಲಿ ನೀರು ಇರುವುದು ಬಿರುಕಿನಲ್ಲಿ. ಬಿರುಕು ಸಿಕ್ಕರೆ ತುಕ್ಕು ಬಣ್ಣ, ಬೆಣಚು ಚೂರು ಮೇಲೆ ಬರುವುದುಂಟು, ಬಿಟ್ ಒಮ್ಮೆಗೇ ಜಾರುವುದುಂಟು. ನೂರಾ ಮೂವತ್ತು ಅಡಿ ಉದ್ದಕ್ಕೂ ಅಂಥ ಒಂದು ಗುರುತೂ ಇಲ್ಲ. ನಿಲ್ಲಿಸಿ ಎಂದು ಹೇಳಲು ಬಾಯಿ ತೆರೆದವಳು ತಡೆದೆ. ನಾನು ಹೇಳುತ್ತಿರುವುದು ಕಲ್ಲು ಕೇಳಿಯೋ, ಫೀಜು ನೆನೆದೋ? ಗಾಡಿ ನಿಂತರೆ ಉಳಿಯುವ ರೊಕ್ಕ ಯಾರಿಗೆ ಬರುತ್ತದೆ ಎಂದು ನನಗೆ ಗೊತ್ತಿತ್ತು. ಮತ್ತೆ ಕೇಳಿದೆ. ಮುನ್ನೂರರ ಪುಡಿ ಉಗುರಿಗೆ ಹತ್ತುತ್ತದೆಯೇ? ಮುನ್ನೂರಾ ಐವತ್ತರಲ್ಲಿ ಚೂರಿನ ಮೈ ನುಣುಪೋ, ಒರಟೋ? ಅಪ್ಪ ಪ್ರತಿ ಗುಪ್ಪೆಯ ಹತ್ತಿರ ಹೋಗಿ, ಬ್ಯಾಟರಿ ಹಿಡಿದು ನೋಡಿ ಹೇಳಿದರು. ಗುರುತು ಬದಲಾಗಲಿಲ್ಲ.

"ನಿಲ್ಲಸಪ್ಪಾ. ಖರೇ ಹೇಳತೇನಿ, ಆ ರೊಕ್ಕದಾಗ ನನ್ನ ಫೀಜೂ ಐತಿ. ಹಂಗಾಗಿ ನನ್ನ ಮಾತೊಂದನ್ನ ಹಿಡೀಬ್ಯಾಡ."

ಸ್ವಲ್ಪ ಹೊತ್ತು ಗಾಡಿಯ ಸದ್ದಷ್ಟೇ ಕೇಳಿತು. "ನಾ ಫೀಜಿನ ಮಾತು ಕೇಳಿಲ್ಲವಾ, ಕಲ್ಲಿನ ಮಾತು ಕೇಳೇನಿ. ನನಗೂ ಹಂಗ ಅನಸಿತ್ತು" ಅಂದರು. ಆಮೇಲೆ ಗಾಡಿಯ ಸದ್ದೂ ನಿಂತಿತು.

ಆ ಬೋರ್‌ನಲ್ಲಿ ನೀರು ಬರಲಿಲ್ಲ. ಇನ್ನೂ ಇನ್ನೂರು ಅಡಿ ಕೆಳಗೆ ಇತ್ತೋ ಇಲ್ಲವೋ ನನಗೆ ಇವತ್ತಿಗೂ ತಿಳಿಯದು. ದೊಡ್ಡಪ್ಪ ಎರಡು ತಿಂಗಳು ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಆ ವರ್ಷ ನಾವು ಮಳೆ ನಂಬಿಯೇ ಗೋವಿನಜೋಳ ಹಾಕಿದೆವು. ಉಳಿದ ರೊಕ್ಕದಲ್ಲಿ ನನ್ನ ಎಂ.ಎಸ್ಸಿ. ಶುರುವಾಯಿತು.

ನಿಮ್ಮಲ್ಲಿ ಯಾರಾದರೂ ಕಲ್ಲು ಓದುತ್ತಿದ್ದರೆ

ಈಗ ಕೆಲಸದ ಮಾತು. ಇಸ್ರೊದಲ್ಲಿ ಎಂಜಿನಿಯರ್‌ಗಳಿಗೆ ಹೋಲಿಸಿದರೆ ಭೂವಿಜ್ಞಾನಿಗಳ ಹುದ್ದೆ ಕಡಿಮೆ. ಚಂದ್ರಯಾನ ನೋಡಿ ಜಿಯಾಲಜಿ ತೆಗೆದುಕೊಂಡರೆ ನಾಳೆಯೇ ಬೆಂಗಳೂರಿನಿಂದ ಕರೆ ಬರುತ್ತದೆ ಎಂದು ನಾನು ಹೇಳುವುದಿಲ್ಲ. ಆದರೆ ಬಾಗಿಲುಗಳಿವೆ. ಯುಪಿಎಸ್‌ಸಿ ನಡೆಸುವ ಸಂಯುಕ್ತ ಭೂವಿಜ್ಞಾನಿ ಪರೀಕ್ಷೆಯ ಮೂಲಕ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಗೂ ಕೇಂದ್ರ ಅಂತರ್ಜಲ ಮಂಡಳಿಗೂ ಆಯ್ಕೆ ನಡೆಯುತ್ತದೆ. ಗೇಟ್ ಪರೀಕ್ಷೆಯಲ್ಲಿ ಭೂವಿಜ್ಞಾನದ ಪತ್ರಿಕೆ ಇದೆ. ಬಿ.ಎಸ್ಸಿ. ಮುಗಿಸಿದವರು ಜಾಮ್ ಬರೆದು ಐಐಟಿಗಳಲ್ಲಿ ಎಂ.ಎಸ್ಸಿ. ಓದಬಹುದು. ರಾಜ್ಯದಲ್ಲಿ ಗಣಿ ಮತ್ತು ಭೂವಿಜ್ಞಾನ ಇಲಾಖೆ ಇದೆ.

ಚಂದ್ರನ ಕಲ್ಲೇ ಬೇಕು ಎನ್ನುವವರಿಗೆ ಖರ್ಚಿಲ್ಲದ ದಾರಿಯೂ ಇದೆ. ಡೆಹ್ರಾಡೂನ್‌ನಲ್ಲಿರುವ ಇಸ್ರೊದ ಭಾರತೀಯ ದೂರ ಸಂವೇದಿ ಸಂಸ್ಥೆ ಆನ್‌ಲೈನ್‌ನಲ್ಲಿ ಉಚಿತ ಕೋರ್ಸ್‌ಗಳನ್ನು ನಡೆಸುತ್ತದೆ. ನಾನು ಒಂದನ್ನು ಹಂಸಭಾವಿಯ ಮನೆಯ ಮಾಳಿಗೆ ಮೇಲೆ, ನೆಟ್‌ವರ್ಕ್ ಸಿಗುವ ಮೂಲೆಯಲ್ಲಿ ಕೂತು ಮುಗಿಸಿದೆ. ಚಂದ್ರಯಾನ–2 ಕಳಿಸಿದ ಚಿತ್ರ, ಮಾಹಿತಿ ಎಲ್ಲ ಬೆಂಗಳೂರು ಹತ್ತಿರದ ಬ್ಯಾಲಾಳುವಿನ ಕೇಂದ್ರದ 'ಪ್ರದಾನ್' ತಾಣದಲ್ಲಿ ಹೆಸರು ನೋಂದಾಯಿಸಿಕೊಂಡ ಯಾರಿಗಾದರೂ ಸಿಗುತ್ತದೆ. ನನ್ನ ಎಂ.ಎಸ್ಸಿ. ಪ್ರಾಜೆಕ್ಟಿಗೆ ನಾನು ಅಲ್ಲಿಂದಲೇ ಒಂದು ಲಾವಾ ಬಯಲಿನ ಚಿತ್ರ ಇಳಿಸಿಕೊಂಡೆ.

ಎಲ್ಲಕ್ಕಿಂತ ಮೊದಲು ನಿಮ್ಮ ಊರಿನ ಕಲ್ಲು ನೋಡಿ. ಬೋರ್ ಹೊಡೆಯುವ ಕಡೆ ಹೋಗಿ ನಿಲ್ಲಿ. ಗಾಡಿಯವರನ್ನು ಮಾತಾಡಿಸಿ. ಹೆಸರು ಆಮೇಲೆ, ಮೊದಲು ಕಂಡದ್ದನ್ನು ಬರೆದುಕೊಳ್ಳಿ.

ದೊಡ್ಡಪ್ಪನಿಗೆ ಪೂರ್ತಿ ಉತ್ತರ ನಾನಿನ್ನೂ ಕೊಟ್ಟಿಲ್ಲ. ಕಲ್ಲು ಓದಿದ್ದಕ್ಕೆ ನನಗೆ ಅನ್ನ ಇನ್ನೂ ಸಿಕ್ಕಿಲ್ಲ. ಯುಪಿಎಸ್‌ಸಿ ಪರೀಕ್ಷೆಗೆ ಓದುತ್ತಿದ್ದೇನೆ, ಅಂತರ್ಜಲ ಮಂಡಳಿ ನನ್ನ ಮೊದಲ ಆಸೆ. ಕಳೆದ ಹುಣ್ಣಿಮೆಗೆ ಊರಿಗೆ ಹೋದಾಗ ದೊಡ್ಡಪ್ಪ ಕಟ್ಟೆಯ ಮೇಲೆ ಕೂತಿದ್ದರು. ಚಂದ್ರನಲ್ಲಿನ ಮೊಲ ತೋರಿಸಿ, ಅದು ಎಂಥಾ ಕಲ್ಲು ಎಂದು ಹೇಳಿದೆ. ಸುಮ್ಮನೆ ಬಹಳ ಹೊತ್ತು ನೋಡಿದರು. ಆಮೇಲೆ ಕೇಳಿದರು: "ಬರೋ ಬ್ಯಾಸಿಗ್ಯಾಗ ನಮ್ಮ ಹೊಲದಾಗ ಬೋರ್ ಹೊಡಸೂದೈತಿ. ಒಂದೀಟ ಬಂದು ನೋಡತಿಯೇನವಾ?"